ವ್ಯಾಲರಂಟ್‌ನಲ್ಲಿ ಹೊಸಬರು, ಸುತ್ತ ತಾಳ್ಮೆ ಇಲ್ಲದವರು: ಏನ್ ಮಾಡೋದು?

ಪ್ರಶ್ನೆ: ಸರ್, ನನಗೆ 31 ವರ್ಷ, ಹಾಸನದಲ್ಲಿ ಕೆಲಸ. ಆಫೀಸಿನ ಮೂರು ಜನ ಫ್ರೆಂಡ್ಸ್ ವ್ಯಾಲರಂಟ್ ಆಡ್ತಾರೆ, ಅವರ ಜೊತೆ ಎರಡು ತಿಂಗಳಿಂದ ನಾನೂ ಶುರು ಮಾಡಿದೀನಿ. ಇದಕ್ಕೆ ಮುಂಚೆ ಕಂಪ್ಯೂಟರಲ್ಲಿ ಯಾವ ಶೂಟಿಂಗ್ ಗೇಮೂ ಆಡಿಲ್ಲ. ಪ್ರತಿ ಮ್ಯಾಚಲ್ಲೂ ಸ್ಕೋರ್‌ಬೋರ್ಡಲ್ಲಿ ನಾನೇ ಕೊನೆ, 4 ಕಿಲ್ 17 ಡೆತ್ ಹೀಗೆ. ಫ್ರೆಂಡ್ಸ್ ಏನೂ ಅನ್ನಲ್ಲ, ಆದ್ರೆ ಐದನೇ ಪ್ಲೇಯರ್ ಅಂತ ಯಾರೋ ಬರ್ತಾರಲ್ಲ ಅವರು ಹಿಂದೀಲಿ ಬೈತಾರೆ, ಬಾಟ್ (ಕಂಪ್ಯೂಟರೇ ಆಡಿಸೋ ಪ್ಲೇಯರ್) ಅಂತಾರೆ, ಗೇಮ್ ಡಿಲೀಟ್ ಮಾಡು ಅಂತಾರೆ. ಒಬ್ಬನೇ ಆಡಿದ್ರೆ ಇನ್ನೂ ಜಾಸ್ತಿ. ಹಿಂದಿ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ, ಅದಕ್ಕೆ ಮೈಕ್ ಆನ್ ಮಾಡೋದೇ ಇಲ್ಲ. ಒಂದಷ್ಟು ತಿಂಗಳು ಬಾಟ್‌ಗಳ ಜೊತೆ ಒಬ್ಬನೇ ಪ್ರಾಕ್ಟೀಸ್ ಮಾಡಿ ಚೆನ್ನಾಗಾದ್ಮೇಲೆ ವಾಪಸ್ ಬರಬೇಕಾ? ಎಲ್ಲರನ್ನೂ ಮ್ಯೂಟ್ ಮಾಡಿದ್ರೆ ಟೀಮಿಗೆ ಮೋಸ ಮಾಡಿದ ಹಾಗಾ? 31ಕ್ಕೆ ಇದೆಲ್ಲ ಲೇಟಾಯ್ತಾ? ಹೊಸ ಹೆಡ್‌ಸೆಟ್ ತಗೋಬೇಕಾ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ, ಬೇಡ, ಒಬ್ಬರೇ ಕೂತು ತಿಂಗಳುಗಟ್ಟಲೆ ಬಾಟ್‌ಗಳಿಗೆ ಹೊಡೀತಾ ಇರಬೇಡಿ. ಅದರಿಂದ ಕೈ ಸ್ವಲ್ಪ ಕುದುರುತ್ತೆ ನಿಜ, ಆದ್ರೆ ನಿಮಗೆ ಬೈಗುಳ ಬೀಳ್ತಿರೋದು ಗುರಿ ಸರಿ ಇಲ್ಲ ಅನ್ನೋ ಒಂದೇ ಕಾರಣಕ್ಕಲ್ಲ. ನೀವು ಬರೆದಿರೋದರಲ್ಲಿ ನನಗೆ ಕಂಡ ದೊಡ್ಡ ಕಾರಣ ಬೇರೇನೇ, ಮೈಕ್ ಆನ್ ಮಾಡೋದೇ ಇಲ್ಲ ಅಂದ್ರಲ್ಲ, ಅದು. ಗುರಿ ತಪ್ಪೋ ಟೀಮ್‌ಮೇಟ್ ಜೊತೆ ಜನ ಹೇಗೋ ಹೊಂದ್ಕೊಂಡು ಆಡ್ತಾರೆ, ಎಲ್ಲಿದಾನೆ ಏನ್ ಮಾಡ್ತಾನೆ ಅಂತ ಗೊತ್ತೇ ಆಗದ ಟೀಮ್‌ಮೇಟ್ ಜೊತೆ ಆಡೋಕೆ ಅವರಿಗೆ ಆಗಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಇದು ಅರ್ಥ ಆದ್ರೆ ಅರ್ಧ ಭಯ ಹೋಗುತ್ತೆ.

ಚಿಕ್ಕೋರಿದ್ದಾಗ ಬೀದೀಲಿ ಆಡುವಾಗ ತೀರಾ ಸಣ್ಣ ಹುಡುಗ ಬಂದ್ರೆ ಅವನನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸ್ಕೊಳ್ತಿದ್ವಿ, ಅವನು ಔಟಾದ್ರೂ ಔಟಲ್ಲ. ವ್ಯಾಲರಂಟಲ್ಲಿ ಆ ಜಾಗವೇ ಇಲ್ಲ. ಐದೈದು ಜನ, ಯಾರು ಮೊದಲು 13 ರೌಂಡ್ ಗೆಲ್ತಾರೋ ಅವರ ಮ್ಯಾಚ್, ಒಂದ್ಸಲ ಸತ್ರೆ ಸಾಮಾನ್ಯವಾಗಿ ಆ ರೌಂಡ್ ಮುಗಿಯೋವರೆಗೆ ಎದ್ದು ಬರೋ ಹಾಗಿಲ್ಲ. ನೀವು ಮೊದಲ ಹತ್ತು ಸೆಕೆಂಡಲ್ಲಿ ಸತ್ರೆ ಉಳಿದ ನಾಲ್ಕು ಜನ ಐದು ಜನರ ವಿರುದ್ಧ ಆಡಬೇಕು, ಇದು ಮ್ಯಾಚಿಗೆ ಹದಿನೇಳು ಸಲ ಆದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಮ್ಯಾಚ್ ಅರ್ಧ ಗಂಟೆ ಮುಕ್ಕಾಲು ಗಂಟೆ ನಡೆಯುತ್ತೆ, ಮಧ್ಯದಲ್ಲಿ ಎದ್ದು ಹೋದ್ರೆ ಪೆನಾಲ್ಟಿ, ಅಂದ್ರೆ ಮುಖ ಪರಿಚಯ ಇಲ್ಲದ ಐದು ಜನರನ್ನ ಅಷ್ಟು ಹೊತ್ತು ಒಂದೇ ರೂಮಲ್ಲಿ ಕೂಡಿ ಹಾಕಿರ್ತಾರೆ. ಸಿಟ್ಟು ಹುಟ್ಟೋದು ಇಲ್ಲಿಂದ. ಬಾಯಿಗೆ ಬಂದ ಹಾಗೆ ಬೈಯೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಆ ಸಿಟ್ಟು ನಿಮ್ಮ ಯೋಗ್ಯತೆ ಬಗ್ಗೆ ಯಾರೋ ಕೊಟ್ಟ ತೀರ್ಪಲ್ಲ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳಲ್ಲ. ಸತ್ತವರು ಕಾಯ್ತಾ ಏನ್ ಮಾಡ್ತಾರೆ? ಬದುಕಿರೋರ ಸ್ಕ್ರೀನ್ ನೋಡ್ತಾರೆ. ನೀವೊಬ್ಬರೇ ಉಳಿದು ಆ ಕಡೆ ಮೂರು ಜನ ಇದ್ರೆ ನಾಲ್ಕೂ ಜನ ನಿಮ್ಮ ಕಣ್ಣಿಂದಲೇ ಆಟ ನೋಡ್ತಿರ್ತಾರೆ, ಅವರಿಗೆ ಎನಿಮಿ ಎಲ್ಲಿದಾನೆ ಅಂತ ಗೊತ್ತು ಯಾಕಂದ್ರೆ ಈಗಷ್ಟೇ ಅವನ ಕೈಲೇ ಸತ್ತಿರ್ತಾರೆ. ಅವರ ತಲೇಲಿರೋದು ನಿಮ್ಮ ತಲೇಲಿಲ್ಲ, ಆದ್ರೆ ನೋಡ್ತಿರೋ ಸ್ಕ್ರೀನ್ ಒಂದೇ, ಹಾಗಾಗಿ 'ಅಲ್ಲೇ ಇದಾನಲ್ಲ ಕಾಣಲ್ವಾ' ಅಂತ ಕಿರುಚ್ತಾರೆ. ಸುಮ್ನೆ ನೋಡ್ತಾ ಕೂತವರಿಗೆ ಎಲ್ಲಾನೂ ಸುಲಭವಾಗೇ ಕಾಣುತ್ತೆ. ಅದೇ ಮನುಷ್ಯ ನಿಮ್ಮ ಜಾಗದಲ್ಲಿದ್ದಿದ್ರೆ ಅವನೂ ಹೆಚ್ಚಾಗಿ ಸಾಯ್ತಿದ್ದ, ಒಬ್ಬ ಮೂರು ಜನರ ವಿರುದ್ಧ ಇರೋ ರೌಂಡ್‌ಗಳನ್ನ ಒಳ್ಳೊಳ್ಳೆ ಪ್ಲೇಯರ್‌ಗಳೂ ಬಹುಪಾಲು ಸೋಲ್ತಾರೆ.

ಈಗ ನಿಮ್ಮ ಟೀಮಿನ ವಿಷಯ. ನೀವು ಮೂರು ಜನ ಫ್ರೆಂಡ್ಸ್ ಜೊತೆ, ಅಂದ್ರೆ ನಾಲ್ಕು ಜನರ ಪಾರ್ಟಿ. ಒಂದ್ಸಲ ಆ ಐದನೆಯವನ ಕಡೆಯಿಂದ ಯೋಚನೆ ಮಾಡಿ. ನೀವು ನಾಲ್ಕೂ ಜನ ಪಾರ್ಟಿ ವಾಯ್ಸಲ್ಲಿ ಕನ್ನಡದಲ್ಲಿ ಮಾತಾಡ್ಕೊಂಡು ನಗ್ತಾ ಆಡ್ತಿರ್ತೀರ, ಅವನಿಗೆ ಅದರಲ್ಲಿ ಒಂದಕ್ಷರ ಕೇಳಲ್ಲ, ಅವನು ಟೀಮ್ ವಾಯ್ಸಲ್ಲಿ ಏನಾದ್ರೂ ಕೇಳಿದ್ರೆ ಯಾರೂ ಉತ್ತರ ಕೊಡಲ್ಲ, ಅವನ ಮಟ್ಟಿಗೆ ಅದು ಗೋಡೆ ಜೊತೆ ಆಡಿದ ಹಾಗೆ. ರ್‍ಯಾಂಕ್ಡ್ ಮೋಡಲ್ಲಿ ನಾಲ್ಕು ಜನರ ಪಾರ್ಟಿಗೆ ಅವಕಾಶವೇ ಇಲ್ಲ, ಐದನೆಯವನು ಒಂಟಿ ಆಗ್ತಾನೆ ಅಂತಾನೇ ತೆಗೆದುಹಾಕಿದಾರೆ, ಅನ್‌ರೇಟೆಡ್ ತರದ, ಅಂದ್ರೆ ರ್‍ಯಾಂಕ್ ಲೆಕ್ಕ ಇಲ್ಲದ, ಮೋಡ್‌ಗಳಲ್ಲಿ ಬಿಡ್ತಾರೆ. ಹಾಗಾಗಿ ನಾಲ್ಕು ಜನರಲ್ಲಿ ಹಿಂದಿ ಅಥವಾ ಇಂಗ್ಲಿಷ್ ಸರಾಗವಾಗಿ ಬರೋ ಒಬ್ಬರು ಟೀಮ್ ವಾಯ್ಸಲ್ಲಿ ಅವನ ಜೊತೆ ಮಾತಾಡ್ತಾ ಇರಲಿ ಅಂತ ಮೊದಲೇ ಮಾತಾಡ್ಕೊಳ್ಳಿ. ಇಷ್ಟೇ ಮಾಡಿದ್ರೂ ಗಲಾಟೆ ಎಷ್ಟು ಕಮ್ಮಿ ಆಗುತ್ತೆ ನೋಡಿ.

ಅದಕ್ಕಿಂತ ಮುಖ್ಯ, ನಿಮ್ಮ ಫ್ರೆಂಡ್ಸ್ ಯಾವ ಮಟ್ಟದಲ್ಲಿ ಆಡ್ತಾರೆ? ಅವರು ಗೋಲ್ಡ್ ಪ್ಲಾಟಿನಂ ರ್‍ಯಾಂಕ್ ಹತ್ತಿರ ಇದ್ರೆ ಮ್ಯಾಚ್‌ಮೇಕಿಂಗ್ ಇಡೀ ಪಾರ್ಟಿಯನ್ನ ನೋಡಿ ಎದುರಾಳಿ ಹುಡುಕುತ್ತೆ, ಅಲ್ಲಿ ಸಿಗೋರೆಲ್ಲ ನಿಮಗಿಂತ ವರ್ಷಗಟ್ಟಲೆ ಮುಂದಿರ್ತಾರೆ. 4-17 ಬಂದಿದ್ದು ನಿಮ್ಮ ಲೆವೆಲ್ ಅಲ್ಲ, ನೀವು ಕೂತಿರೋ ಕ್ಲಾಸ್ ತಪ್ಪು ಅಷ್ಟೇ. ಒಬ್ಬರೇ ಅನ್‌ರೇಟೆಡ್ ಆಡಿದ್ರೆ ಸಿಸ್ಟಮ್ ನಿಧಾನವಾಗಿ ನಿಮ್ಮ ಸರಿಯಾದ ಮಟ್ಟ ಹುಡುಕಿಕೊಳ್ಳುತ್ತೆ, ಸೋಲ್ತಾ ಸೋಲ್ತಾ ನಿಮ್ಮಂಥವರ ಜೊತೆ ಬಂದು ನಿಲ್ತೀರ. ಅಲ್ಲೂ ಆಗಾಗ ಹೊಸ ಅಕೌಂಟ್ ಮಾಡ್ಕೊಂಡು ಬಂದ ಹಳೇ ಹುಲಿಗಳು ಸಿಗ್ತಾರೆ, ಸ್ಮರ್ಫ್ ಅಂತಾರಲ್ಲ ಅವರು, ಅಂಥ ಮ್ಯಾಚನ್ನ ಲೆಕ್ಕಕ್ಕೆ ಇಟ್ಕೋಬೇಡಿ. ವಾರದಲ್ಲಿ ಸ್ವಲ್ಪ ದಿನ ಫ್ರೆಂಡ್ಸ್ ಜೊತೆ, ಸ್ವಲ್ಪ ದಿನ ಒಬ್ಬರೇ, ಹಾಗೆ ಹಂಚ್ಕೊಳ್ಳಿ.

ಒಬ್ಬರೇ ಆಡುವಾಗ ಸ್ವಿಫ್ಟ್‌ಪ್ಲೇ ಅನ್ನೋ ಚಿಕ್ಕ ಮೋಡನ್ನೂ ಆಡಿ. 5 ರೌಂಡ್ ಗೆದ್ದವರಿಗೆ ಮ್ಯಾಚ್, ಕಾಲು ಗಂಟೆ ಆಸುಪಾಸಲ್ಲಿ ಮುಗಿದುಹೋಗುತ್ತೆ, ಹಾಗಾಗಿ ಯಾರಿಗೂ ಅಷ್ಟು ತಲೆ ಕೆಡಲ್ಲ. ಲೆವೆಲ್ 20 ಆದ ತಕ್ಷಣ ರ್‍ಯಾಂಕ್ಡ್ ತೆರೆದುಕೊಳ್ಳುತ್ತೆ, ತೆರೆದಿದೆ ಅಂತ ಓಡಬೇಡಿ, ಅಲ್ಲಿ ಪ್ರತಿ ಸೋಲಿಗೂ ಪಾಯಿಂಟ್ ಹೋಗೋದ್ರಿಂದ ಜನರ ತಾಳ್ಮೆ ಇನ್ನೂ ಕಮ್ಮಿ.

ಸರಿ, ಗುರಿ ಇಲ್ಲದೇನೂ ಟೀಮಿಗೆ ಬೇಕಾದವರಾಗೋದು ಹೇಗೆ ಅನ್ನೋದಕ್ಕೆ ಬರ್ತೀನಿ. ನನ್ನ ಅನುಭವದಲ್ಲಿ ಹೊಸಬರಿಗೆ ಬೀಳೋ ಬೈಗುಳದಲ್ಲಿ ದೊಡ್ಡ ಪಾಲು ದುಡ್ಡಿನ ವಿಷಯಕ್ಕೆ, ಅಂದ್ರೆ ಗನ್ ಕೊಳ್ಳೋಕೆ ಗೇಮ್ ಕೊಡೋ ಕ್ರೆಡಿಟ್ಸ್. ಇದು ಲೆಕ್ಕ, ಇದಕ್ಕೆ ಕೈಚಳಕ ಬೇಡ. 13 ರೌಂಡಿನ ಮ್ಯಾಚಲ್ಲಿ ಮೊದಲ ರೌಂಡಿಗೆ ಎಲ್ಲರಿಗೂ 800. ಗೆದ್ರೆ 3000 ಬರುತ್ತೆ, ಸೋತ್ರೆ 1900, ಸತತ ಎರಡನೇ ಸೋಲಿಗೆ 2400, ಮೂರನೇದರಿಂದ 2900. ವ್ಯಾಂಡಲ್ ಅಥವಾ ಫ್ಯಾಂಟಮ್ ರೈಫಲ್ 2900, ಅದರ ಜೊತೆ ಹೆವಿ ಶೀಲ್ಡ್ 1000, ಒಟ್ಟು 3900 ಇದ್ರೆ ಪೂರ್ತಿ ತಯಾರಿ. ಈಗ ನೋಡಿ, ಮೊದಲ ರೌಂಡಲ್ಲಿ ಎಲ್ಲಾ ಖರ್ಚು ಮಾಡಿ ಸೋತ್ರಿ, ಕೈಗೆ 1900 ಬಂತು. ಟೀಮ್ 'ಸೇವ್' ಅಂತು. ಎರಡನೇ ರೌಂಡಲ್ಲಿ ಏನೂ ಕೊಳ್ಳದೆ ಸೋತ್ರೂ 2400 ಸೇರಿ 4300 ಆಗುತ್ತೆ, ಮೂರನೇ ರೌಂಡಿಗೆ ಐದೂ ಜನರ ಕೈಲಿ ಒಳ್ಳೆ ಗನ್. ನೀವು ಮಾತ್ರ ಸೇವ್ ಮಾಡದೆ 1600 ಕೊಟ್ಟು ಸ್ಪೆಕ್ಟರ್ ಗನ್ ತಗೊಂಡ್ರೆ? 300 ಉಳೀತು, 2400 ಸೇರಿ 2700, ವ್ಯಾಂಡಲ್ ಬರಲ್ಲ. ನಾಲ್ಕು ಜನ ರೆಡಿ, ನೀವೊಬ್ಬರು ಅರ್ಧಂಬರ್ಧ. ಅವತ್ತು ಅವನು ಯಾಕೆ ಕಿರುಚಿದ ಅಂತ ಈಗ ಗೊತ್ತಾಯ್ತಲ್ಲ. ಕಿಲ್‌ಗೆ 200 ಸಿಗುತ್ತೆ, ಸ್ಪೈಕ್ (ದಾಳಿ ಮಾಡೋ ಟೀಮ್ ಇಡೋ ಬಾಂಬ್) ಇಟ್ರೆ 300 ಸಿಗುತ್ತೆ, ಅದೆಲ್ಲ ಮೇಲುಸಂಪಾದನೆ. ಲೆಕ್ಕ ಬಾಯಿಪಾಠ ಮಾಡಬೇಕಂತಿಲ್ಲ, ಕೊಳ್ಳೋ ಸ್ಕ್ರೀನಲ್ಲೇ ಮುಂದಿನ ರೌಂಡಿಗೆ ಕನಿಷ್ಠ ಎಷ್ಟು ಇರುತ್ತೆ ಅಂತ ತೋರಿಸುತ್ತೆ, 3900ರ ಮೇಲಿದ್ರೆ ಆರಾಮಾಗಿ ಖರ್ಚು ಮಾಡಿ, ಇಲ್ಲಾಂದ್ರೆ ಉಳಿದವರು ಏನು ಮಾಡ್ತಿದಾರೋ ಅದನ್ನೇ ಮಾಡಿ. ನಾಲ್ಕು ಜನ ತಪ್ಪು ನಿರ್ಧಾರ ಮಾಡಿದ್ರೂ ಅವರ ಜೊತೆ ಹೋಗೋದೇ ಸರಿ, ಒಬ್ಬರೇ ಸರಿಯಾಗಿದ್ದು ಪ್ರಯೋಜನ ಇಲ್ಲ.

ಎರಡನೇದು, ಸ್ಪೈಕ್ ಇಟ್ಟ ಮೇಲೆ ಸುಮ್ಮನಿರೋದು. ಸ್ಪೈಕ್ ಇಟ್ಟ 45 ಸೆಕೆಂಡಿಗೆ ಸಿಡಿಯುತ್ತೆ, ಎದುರಾಳಿಗಳು ಅದನ್ನ ಡಿಫ್ಯೂಸ್ (ನಿಷ್ಕ್ರಿಯ) ಮಾಡೋಕೆ 7 ಸೆಕೆಂಡ್ ಬೇಕು. ಅಂದ್ರೆ ಈಗ ಅವಸರ ಇರೋದು ಅವರಿಗೆ, ನಿಮಗಲ್ಲ, ಅವರಾಗೇ ನಿಮ್ಮ ಹತ್ರ ಬರಬೇಕು. ಹೊಸಬರು ಇಲ್ಲಿ ಏನ್ ಮಾಡ್ತಾರೆ ಅಂದ್ರೆ ಕಿಲ್ ಹುಡುಕ್ಕೊಂಡು ಒಬ್ಬೊಬ್ಬರೇ ಹೊರಗೆ ಇಣುಕಿ ಸಾಯ್ತಾರೆ. 'ಪ್ಲೇ ಟೈಮ್' ಅಂತ ಯಾರಾದ್ರೂ ಕೂಗಿದ್ರೆ ಅದರ ಅರ್ಥ ಇದೇ, ಅಡಗಿ ಕೂತ್ಕೋ, ಡಿಫ್ಯೂಸ್ ಸದ್ದು ಬಂದಾಗ ಮಾತ್ರ ಹೊಡಿ. ಒಂದು ಎಚ್ಚರ, 3.5 ಸೆಕೆಂಡ್ ಮಾಡಿ ಬಿಟ್ರೆ ಅರ್ಧ ಡಿಫ್ಯೂಸ್ ಉಳಿದುಕೊಳ್ಳುತ್ತೆ, ಮುಂದಿನ ಸಲ ಉಳಿದರ್ಧ ಮಾಡಿದ್ರೆ ಸಾಕು, ಹಾಗಾಗಿ ಒಂದ್ಸಲ ಸದ್ದು ನಿಂತ ಕೂಡಲೇ ಸುಳ್ಳು ಸದ್ದು ಅಂತ ಬಿಟ್ಟುಬಿಡಬೇಡಿ.

ಮೂರನೇದು ನಡೆಯೋ ಜಾಗ. ನೀವು ಮೊದಲು ನುಗ್ಗಬೇಡಿ, ಕೊನೇಲೂ ಉಳೀಬೇಡಿ, ಎರಡನೇ ಅಥವಾ ಮೂರನೆಯವರಾಗಿ ಹೋಗಿ. ಮುಂದಿದ್ದವನು ಸತ್ತ ಕ್ಷಣಕ್ಕೆ ಅವನನ್ನ ಹೊಡೆದವನು ಎಲ್ಲಿದಾನೆ ಅಂತ ಗೊತ್ತಿರುತ್ತೆ, ಅವನ ಗಮನ ನಿಮ್ಮ ಮೇಲಿರಲ್ಲ, ಅವನನ್ನ ಹೊಡೀರಿ. ಇದಕ್ಕೆ ಟ್ರೇಡ್ ಅಂತಾರೆ. ಹೊಸಬರಿಗೆ ಸಿಗೋ ಅತಿ ಸುಲಭದ ಕಿಲ್ ಇದೇನೇ, ಮುಂದೆ ಹೋಗಿ ಸತ್ತವನಿಗೂ ನಾನು ಸುಮ್ನೆ ಸಾಯಲಿಲ್ಲ ಅನ್ನೋ ಸಮಾಧಾನ ಇರುತ್ತೆ.

ಇದೇ ಕಾರಣಕ್ಕೆ ಜೆಟ್, ರೇನಾ ತರದ ಡ್ಯೂಯಲಿಸ್ಟ್ ಕ್ಯಾರೆಕ್ಟರ್‌ಗಳನ್ನ ಸದ್ಯಕ್ಕೆ ಮುಟ್ಟಬೇಡಿ. ನೋಡೋಕೆ ಚೆಂದ, ಆದ್ರೆ ಅವರನ್ನ ತಗೊಂಡವರು ಮೊದಲು ನುಗ್ಗಬೇಕು ಅಂತ ಎಲ್ಲರೂ ಕಾಯ್ತಾರೆ. ಶುರುವಲ್ಲೇ ಫ್ರೀ ಸಿಗೋ ಬ್ರಿಮ್‌ಸ್ಟೋನ್ ತಗೊಳ್ಳಿ. ಕೈಲಿರೋ ಮ್ಯಾಪ್ ತೆರೆದು ಮೂರು ಕಡೆ ಕ್ಲಿಕ್ ಮಾಡಿದ್ರೆ ಹೊಗೆ ಬೀಳುತ್ತೆ, ಸುಮಾರು 19 ಸೆಕೆಂಡ್ ನಿಲ್ಲುತ್ತೆ, ಇದಕ್ಕೆ ಗುರಿ ಬೇಕಾಗಿಲ್ಲ, ಎಲ್ಲಿ ಹಾಕಬೇಕು ಅಂತ ಗೊತ್ತಿದ್ರೆ ಸಾಕು. ಒಂದು ಮ್ಯಾಪಿಗೆ ಎ ಸೈಟ್‌ಗೆ (ಸೈಟ್ ಅಂದ್ರೆ ಸ್ಪೈಕ್ ಇಡೋ ಜಾಗ) ಎರಡು ಜಾಗ, ಬಿ ಸೈಟ್‌ಗೆ ಎರಡು ಜಾಗ ಅಂತ ಕಲಿತ್ರೆ ಅವತ್ತೇ ಟೀಮಿಗೆ ಉಪಯೋಗಕ್ಕೆ ಬರ್ತೀರ. ಸೇಜ್ ಕೂಡ ಪರವಾಗಿಲ್ಲ, ಗಾಯ ವಾಸಿ ಮಾಡ್ತಾಳೆ, ಎಲ್ಲರಿಗೂ ಇಷ್ಟ. ಆದ್ರೆ ಅವಳ ಗೋಡೆನ ಸ್ವಂತ ಟೀಮಿನ ದಾರಿಗೇ ಅಡ್ಡ ಹಾಕಿ ಬೈಸ್ಕೊಳ್ಳೋರು ತುಂಬಾ ಜನ, ಗೋಡೆ ಹಾಕೋ ಮುಂಚೆ ಹಿಂದೆ ಯಾರಿದಾರೆ ಅಂತ ಮಿನಿಮ್ಯಾಪ್ ನೋಡಿ.

ಈಗ ಮೈಕು. ಇದನ್ನ ನೀವು ಮಾಡಲೇಬೇಕು ಅಂತ ಒತ್ತಿ ಹೇಳ್ತೀನಿ. ಮುಂಬೈ ಸರ್ವರಲ್ಲಿ ಆಡೋರು ಹೆಚ್ಚಾಗಿ ಹಿಂದಿ ಮಾತಾಡ್ತಾರೆ ನಿಜ, ಆದ್ರೆ ಗಮನವಿಟ್ಟು ಕೇಳಿ, ಆಟಕ್ಕೆ ಬೇಕಾದ ಮಾತೆಲ್ಲ ಇಂಗ್ಲಿಷಲ್ಲೇ ಇರುತ್ತೆ. 'ಟೂ ಎ ಮೇನ್'. 'ಒನ್ ಮಾರ್ಕೆಟ್'. 'ಜೆಟ್ ಹಿಟ್ ಎಯ್ಟಿ'. 'ಸ್ಪೈಕ್ ಬಿ'. ವ್ಯಾಕರಣ ಇಲ್ಲ, ಪೂರ್ತಿ ವಾಕ್ಯ ಇಲ್ಲ, ಎಷ್ಟು ಜನ ಎಲ್ಲಿ ಅಷ್ಟೇ. ತಮಿಳು ಹುಡುಗನೂ ಪಂಜಾಬಿ ಹುಡುಗನೂ ಇಷ್ಟನ್ನೇ ಹೇಳೋದು. ಜಾಗದ ಹೆಸರು ಗೊತ್ತಿಲ್ವಾ, ನೀವು ನಿಂತಿರೋ ಜಾಗದ ಹೆಸರು ಮಿನಿಮ್ಯಾಪ್ ಹತ್ರಾನೇ ಬರೆದಿರುತ್ತೆ, ಅದನ್ನ ಓದಿ ಹೇಳಿ. ನೀವು ಸತ್ತ ಕೂಡಲೇ ಯಾರಿಗೆ ಎಷ್ಟು ಡ್ಯಾಮೇಜ್ ಕೊಟ್ರಿ ಅಂತ ಸ್ಕ್ರೀನಲ್ಲಿ ಬರುತ್ತೆ, ವ್ಯಾಂಡಲಿಂದ ಮೈಗೆ ಎರಡು ಬಿದ್ರೆ 80. ಹೆವಿ ಶೀಲ್ಡ್ ಹಾಕಿದವನಿಗೆ ಒಟ್ಟು 150 ಇರೋದು, ಅದರಲ್ಲಿ 80 ಹೋಗಿದೆ ಅಂತ ಗೊತ್ತಾದ್ರೆ ಉಳಿದವರು ಧೈರ್ಯವಾಗಿ ನುಗ್ತಾರೆ. ಹೇಳಿ ಸತ್ತವನ ಸಾವು ಅರ್ಧ ಕೆಲಸ ಮಾಡಿದ ಹಾಗೆ, ಏನೂ ಹೇಳದೆ ಸತ್ರೆ ಅದೂ ಇಲ್ಲ. ಬಾಯಿ ಬಿಡೋಕೆ ಇನ್ನೂ ಅಳುಕು ಅನ್ಸಿದ್ರೆ ಪಿಂಗ್ ಇದೆ, ಜೆಡ್ ಕೀ ಒತ್ತಿದ್ರೆ ನೀವು ನೋಡ್ತಿರೋ ಜಾಗ ಎಲ್ಲರ ಮ್ಯಾಪಲ್ಲೂ ಕಾಣುತ್ತೆ. ಮೊದಲ ವಾರ ಪಿಂಗ್, ಆಮೇಲೆ ಪಿಂಗ್ ಜೊತೆ ಎರಡು ಪದ.

ನಾನು ಹೊಸಬ ಅಂತ ಹೇಳಬೇಕಾ ಅಂತ ತುಂಬಾ ಜನ ಕೇಳ್ತಾರೆ. ಅನ್‌ರೇಟೆಡಲ್ಲಿ ಮ್ಯಾಚ್ ಶುರುವಲ್ಲಿ ಒಂದೇ ಸಲ ಹೇಳಿ, ಜೊತೆಗೆ ಏನ್ ಮಾಡ್ತೀನಿ ಅಂತಾನೂ ಹೇಳಿ, 'ನ್ಯೂ ಪ್ಲೇಯರ್, ನಾನು ಸ್ಮೋಕ್ ಹಾಕ್ತೀನಿ, ಎಲ್ಲಿ ಬೇಕು ಹೇಳಿ' ಅನ್ನೋ ಥರ. ಕೆಲವರಿಗೆ ಅದು ಬೈಯೋಕೆ ನೆಪ ಆಗುತ್ತೆ, ಆದ್ರೆ ಎಷ್ಟೋ ಜನ ನಿಜವಾಗ್ಲೂ ಹೇಳಿಕೊಡೋಕೆ ಶುರು ಮಾಡ್ತಾರೆ. ಪ್ರತಿ ರೌಂಡಿಗೂ ಸಾರಿ ಸಾರಿ ಅನ್ನೋದು ಮಾತ್ರ ಬೇಡ. ಕೇಳೋರಿಗೂ ಕಿರಿಕಿರಿ, ನಿಮಗೂ ಕೈ ನಡುಗೋಕೆ ಶುರುವಾಗುತ್ತೆ.

ಮ್ಯೂಟ್ ಮಾಡಿದ್ರೆ ಟೀಮಿಗೆ ಮೋಸವಾ ಅಂತ ಕೇಳಿದ್ರಿ. ಖಂಡಿತ ಅಲ್ಲ. ಆದ್ರೆ ಶುರುವಲ್ಲೇ ಎಲ್ಲರನ್ನೂ ಮ್ಯೂಟ್ ಮಾಡಿ ಕೂರೋದು ನನಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಕೂಗಾಟದೊಳಗೇ ಒಳ್ಳೆ ಮಾಹಿತಿಯೂ ಇರುತ್ತೆ. ನಾನು ಹೇಳಿಕೊಡೋರಿಗೆಲ್ಲ ಹೇಳೋದು ಇಷ್ಟು: ಆ ಮಾತಲ್ಲಿ ಒಂದು ಜಾಗ ಅಥವಾ ಒಂದು ಕೆಲಸ ಇದ್ಯಾ ನೋಡಿ. 'ಇಣುಕಬೇಡ ಅಂದ್ನಲ್ಲೋ', 'ರೊಟೇಟ್ ಮಾಡು ಬೇಗ' (ಇನ್ನೊಂದು ಸೈಟಿಗೆ ಹೋಗು ಅಂತ), 'ಯಾಕೆ ಒಬ್ಬನೇ ಮಿಡ್‌ಗೆ ಹೋಗ್ತೀಯ', ಇವೆಲ್ಲ ಸ್ವರ ಎಷ್ಟೇ ಕೆಟ್ಟದಿರಲಿ ಮಾಹಿತಿ, ತಗೊಳ್ಳಿ. ಜಾಗವೂ ಇಲ್ಲ ಕೆಲಸವೂ ಇಲ್ಲ, ಬರೀ ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ, ನಿಮ್ಮ ಭಾಷೆ ಬಗ್ಗೆ ಅಂದ್ರೆ ಎರಡನೇ ಮಾತಿಗೆ ಕಾಯಬೇಡಿ. ಎಸ್ಕೇಪ್ ಒತ್ತಿ, ಮ್ಯಾಚ್ ಪುಟದಲ್ಲಿ ಅವನೊಬ್ಬನ ವಾಯ್ಸ್, ಚಾಟ್ ಎರಡೂ ಬಂದ್ ಮಾಡಿ, ರಿಪೋರ್ಟ್ ಹಾಕಿ, ಆಡ್ತಾ ಹೋಗಿ. ಅವನಿಗೆ ಉತ್ತರ ಟೈಪ್ ಮಾಡೋಕೆ ಹೋದ್ರೆ ಆ ಹೊತ್ತಲ್ಲಿ ನಿಮ್ಮ ಕ್ಯಾರೆಕ್ಟರ್ ಸುಮ್ನೆ ನಿಂತಿರುತ್ತೆ, ಸಾಯ್ತೀರ, ಅವನ ಮಾತೇ ನಿಜ ಆದಂಗಾಗುತ್ತೆ. ಒಬ್ಬರೇ ಉಳಿದು ನಾಲ್ಕು ಜನ ಒಟ್ಟಿಗೆ ಸಲಹೆ ಕೊಡ್ತಿದ್ರೆ 'ಪ್ಲೀಸ್ ಕ್ವೈಟ್' ಅಂತ ಒಂದು ಮಾತು ಹೇಳೋದ್ರಲ್ಲೂ ತಪ್ಪಿಲ್ಲ, ಕಾಲ್ಸಪ್ಪಳ ಕೇಳಬೇಕಲ್ಲ ನಿಮಗೆ.

ಒಂದು ಮಾತು ಹೇಳದೆ ಇರೋಕಾಗಲ್ಲ. ಎರಡು ಸಾವಿರದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಲ್ಯಾನ್ ಹಾಕ್ಕೊಂಡು ಕೌಂಟರ್ ಸ್ಟ್ರೈಕ್ 1.6 ಆಡಿದವರಿಗೆ ಗೊತ್ತು, ಅಲ್ಲೂ ಬೈತಿದ್ರು, ಜೋರಾಗೇ ಬೈತಿದ್ರು. ಆದ್ರೆ ಬೈದವನು ಪಕ್ಕದ ಕುರ್ಚೀಲಿ ಇರ್ತಿದ್ದ, ನಿಮ್ಮ ಮುಖ ಸಪ್ಪಗಾಗಿದ್ದು ಅವನಿಗೆ ಕಾಣ್ತಿತ್ತು, ಬಗ್ಗಿ ನಿಮ್ಮ ಕೀಬೋರ್ಡಲ್ಲೇ ಹೆಂಗೆ ಗನ್ ಕೊಳ್ಳೋದು ಅಂತ ತೋರಿಸಿ ಹೋಗ್ತಿದ್ದ. ಈಗ ಬೈಗುಳ ಮಾತ್ರ ಉಳ್ಕೊಂಡಿದೆ, ಪಕ್ಕದ ಕುರ್ಚಿ ಇಲ್ಲ. ಇದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ, ಯಾಕಂದ್ರೆ ಕಲಿಯೋದು ಆ ಕುರ್ಚಿಯಿಂದಾನೇ ಆಗ್ತಿದ್ದಿದ್ದು. ಆದ್ರೆ ನಿಮಗೆ ಆಫೀಸಲ್ಲಿ ಮೂರು ಜನ ಇದಾರಲ್ಲ, ಎಷ್ಟು ಜನಕ್ಕೆ ಇಲ್ಲ ಅದು. ಏನೂ ಅನ್ನದೆ ಇರೋದು ಅವರ ಒಳ್ಳೆತನ, ಆದ್ರೆ ಏನೂ ಅನ್ನದಿದ್ರೆ ನೀವು ಕಲಿಯೋದು ಹೇಗೆ? ಒಂದು ಭಾನುವಾರ ಕಸ್ಟಮ್ ಮ್ಯಾಚ್ ಹಾಕಿಸಿ, ಎದುರಾಳಿ ಬೇಡ, ಖಾಲಿ ಅಸೆಂಟ್ ಮ್ಯಾಪಲ್ಲಿ ನಡೆದಾಡ್ತಾ ಇಲ್ಲಿಂದ ಇಲ್ಲಿಗೆ ಕಾಣುತ್ತೆ, ಇಲ್ಲಿ ನಿಂತ್ರೆ ಹಿಂದಿನಿಂದ ಬರ್ತಾರೆ, ಈ ಬಾಗಿಲಿಗೆ ಹೊಗೆ ಹಾಕಬೇಕು ಅಂತ ತೋರಿಸ್ಲಿ. ಒಂದು ಗಂಟೆ ಸಾಕು. ಇದಕ್ಕೆ ಸಮ ಇರೋ ಯೂಟ್ಯೂಬ್ ವಿಡಿಯೋ ನಾನು ನೋಡಿಲ್ಲ. ಅದೂ ಆಗಲಿಲ್ಲ ಅಂದ್ರೆ ಕನ್ನಡದವರೇ ಸೇರಿ ಆಡೋ ಡಿಸ್ಕಾರ್ಡ್ ಗುಂಪುಗಳಿವೆ, ಅಲ್ಲಿ ಹೊಸಬ ಅಂತ ಹೇಳಿ ಸೇರ್ಕೊಳ್ಳಿ.

ಗುರಿ ಬಗ್ಗೆ ಏನೂ ಹೇಳಲಿಲ್ಲ ಅನ್ಕೋಬೇಡಿ. ಪ್ರತಿ ಸಲ ಕೂತಾಗ ಮೊದಲ ಹತ್ತು ಹದಿನೈದು ನಿಮಿಷ ಗೇಮಿನ ಪ್ರಾಕ್ಟೀಸ್ ರೇಂಜಲ್ಲಿ ಆಡಿ, ಅಲ್ಲಿ ಎರಡೇ ವಿಷಯ ರೂಢಿ ಮಾಡಿ. ಕ್ರಾಸ್‌ಹೇರ್ (ಸ್ಕ್ರೀನ್ ಮಧ್ಯದ ಗುರಿ ಗುರುತು) ಯಾವಾಗ್ಲೂ ತಲೆ ಎತ್ತರದಲ್ಲಿರಲಿ, ನಡೆಯುವಾಗಲೂ, ನೆಲ ನೋಡ್ಕೊಂಡು ಓಡಬೇಡಿ. ಮತ್ತೆ ನಿಂತು ಹೊಡೀರಿ. ಮೊಬೈಲ್ ಗೇಮ್‌ಗಳಿಂದ ಬಂದವರಿಗೆ ಓಡ್ತಾ ಹೊಡೆಯೋ ಅಭ್ಯಾಸ ಇರುತ್ತೆ, ಇಲ್ಲಿ ಓಡ್ತಾ ಹೊಡೆದ ಗುಂಡು ಎಲ್ಲೆಲ್ಲೋ ಹೋಗುತ್ತೆ. ವ್ಯಾಂಡಲಿಂದ ತಲೆಗೆ ಒಂದು ಬಿದ್ರೆ 160, ಎಷ್ಟೇ ದೂರ ಇದ್ರೂ ಅಷ್ಟೇ, ಹೆವಿ ಶೀಲ್ಡ್ ಹಾಕಿದವನೂ ಬೀಳ್ತಾನೆ. ಹಾಗಾಗಿ ಮೂವತ್ತು ಗುಂಡು ಸುರಿಯೋ ಬದಲು ನಿಂತು ಎರಡು ಹೊಡೆಯೋದು ಕಲೀರಿ. ಬೇರೆ ಏನೂ ಈಗ ಬೇಡ.

ವಯಸ್ಸಿನ ವಿಷಯ, 31 ಏನೂ ಲೇಟಲ್ಲ. ಹದಿನಾರರ ಹುಡುಗನಿಗೆ ಇರೋದು ಸಮಯ, ಶಾಲೆ ಬಿಟ್ಟು ಬಂದು ರಾತ್ರಿವರೆಗೆ ಆಡ್ತಾನೆ, ಅದಕ್ಕೆ ಬೇಗ ಮುಂದೆ ಹೋಗ್ತಾನೆ. ನೀವು ಪ್ರೊಫೆಷನಲ್ ಆಗೋಕೆ ಹೊರಟಿಲ್ಲ. ಲೆಕ್ಕ ಇಟ್ಟು ಕೊಳ್ಳೋದು, ಅಡಗಿ ಕಾಯೋದು, ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ಕೊಡೋದು, ಇವುಗಳಲ್ಲಿ ಸಂಸಾರಸ್ಥರೇ ಹುಡುಗರಿಗಿಂತ ಮುಂದಿರೋದನ್ನ ಬೇಕಾದಷ್ಟು ನೋಡಿದೀನಿ. ಸತತ ಎರಡು ಮ್ಯಾಚ್ ಕೆಟ್ಟದಾಗಿ ಹೋದ್ರೆ ಅವತ್ತಿಗೆ ನಿಲ್ಲಿಸಿ ಮಲಗಿ, ಮೂರನೇದು ಚೆನ್ನಾಗಾಗೋದು ಕಮ್ಮಿ, ಬೆಳಿಗ್ಗೆ ಕೆಲಸಕ್ಕೂ ಹೋಗಬೇಕು.

ಹೆಡ್‌ಸೆಟ್ ದುಬಾರಿದು ಬೇಡ, ಗೇಮಿಂಗ್ ಅಂತ ಬರೆದು ಬಣ್ಣದ ಲೈಟ್ ಹಾಕಿರೋದೂ ಬೇಡ. ವೈರ್ ಇರೋ, ಮೈಕ್ ಇರೋ ಸಾಧಾರಣ ಸ್ಟೀರಿಯೋ ಹೆಡ್‌ಸೆಟ್ ಅಥವಾ ಫೋನ್ ಜೊತೆ ಬಂದ ಇಯರ್‌ಫೋನ್ ಇದ್ರೂ ನಡೆಯುತ್ತೆ. ಬ್ಲೂಟೂತ್ ಮಾತ್ರ ತಗೋಬೇಡಿ, ಸದ್ದು ತಡವಾಗಿ ಬರುತ್ತೆ, ಮೈಕ್ ಆನ್ ಆದ ಕೂಡಲೇ ಕ್ವಾಲಿಟಿ ಬಿದ್ದುಹೋಗುತ್ತೆ. ಗೇಮಿನ ಆಡಿಯೋ ಸೆಟ್ಟಿಂಗ್ಸಲ್ಲಿ ಎಚ್‌ಆರ್‌ಟಿಎಫ್ ಅಂತ ಇದೆ, ಅದನ್ನ ಆನ್ ಮಾಡಿ, ಕಾಲ್ಸಪ್ಪಳ ಯಾವ ದಿಕ್ಕಿಂದ ಬರ್ತಿದೆ ಅನ್ನೋದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಹಾಗೇ ನೀವು ಎನಿಮಿ ಹತ್ರ ಇರುವಾಗ ಶಿಫ್ಟ್ ಒತ್ತಿಕೊಂಡು ನಡೀರಿ, ಆಗ ನಿಮ್ಮ ಸಪ್ಪಳ ಅವರಿಗೆ ಕೇಳಲ್ಲ.